ಮಾಡ್ಯುಲರ್ ಒರಿಗಾಮಿ: ಯಾವ ಶೈಲಿ ನಿಮಗಿಷ್ಟ, ಯಾಕಿಷ್ಟ?

ಗೀರುಗೆರೆ:
ಒಂದೇ ಥರ ಮಡಿಸಿದ ಕಾಗದದ ತುಂಡುಗಳನ್ನು, ಅಂದರೆ ಯೂನಿಟ್‌ಗಳನ್ನು, ಜೋಡಿಸಿ ಮಾಡೋದು ಮಾಡ್ಯುಲರ್ ಒರಿಗಾಮಿ. ಯಾರಾದರೂ ಅಂಥ ಚೆಂಡಿನ ಚಿತ್ರ ಹಾಕಿದರೆ ಕೆಳಗೆ ನಾಲ್ಕು ಜನ "ಸೂಪರ್" ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತೆ. ಇಲ್ಲಿ ಹಾಗಾಗೋದು ಬೇಡ, ಸ್ವಲ್ಪ ಜಗಳವೇ ಆಗಲಿ. ಸೊನೊಬೆ, ಫಿಝ್, ಹೂವಿನ ಚೆಂಡಿನಂಥ ಕುಸುದಾಮ, ತಂತಿ ಚೌಕಟ್ಟಿನ ಥರದ ವೈರ್‌ಫ್ರೇಮ್, ವಿಸಿಟಿಂಗ್ ಕಾರ್ಡ್, ಪಟ್ಟಿಗಳ ಸ್ನ್ಯಾಪಾಲಜಿ, ಚೀನೀ ತ್ರಿಕೋನ ಯೂನಿಟ್ಟು. ಇಷ್ಟರಲ್ಲಿ ನಿಮ್ಮ ಒಲವು ಯಾವುದರ ಕಡೆ? "ನೋಡೋಕೆ ಚೆನ್ನಾಗಿದೆ" ಅಂದರೆ ಸಾಲದು. ಕೊಂಡಿ ಹೇಗೆ ಹಿಡಿಯುತ್ತೆ, ಯಾವ ಕಾಗದ ಒಗ್ಗುತ್ತೆ, ಎಲ್ಲಿ ಕೈಕೊಡುತ್ತೆ, ಅದನ್ನು ಹೇಳಿ. ಅಂಟು ಹಾಕಬಹುದಾ ಬೇಡವಾ ಅನ್ನೋ ಹಳೇ ರಗಳೆಗೂ ಸ್ವಾಗತ.

ಮೂವತ್ತರ_ಚೆಂಡು:
ಸೊನೊಬೆ. ಚರ್ಚೆ ಮುಗೀತು ಅನ್ನಬೇಕು ಅನ್ಸುತ್ತೆ, ಆದರೂ ಕಾರಣ ಹೇಳ್ತೀನಿ.

ಮಿತ್ಸುನೊಬು ಸೊನೊಬೆ ಅವರ ಈ ಯೂನಿಟ್‌ನಲ್ಲಿ ಇರೋದು ಎರಡು ಟ್ಯಾಬು (ತೂರಿಸುವ ತುದಿ), ಎರಡು ಜೇಬು (ಆ ತುದಿ ಹೋಗುವ ಸಂದು), ಅಷ್ಟೇ. ಚೌಕವನ್ನು ಅರ್ಧ ಮಡಿಸಿ ಬಿಚ್ಚಿ. ಎರಡು ಅಂಚನ್ನೂ ನಡುಗೆರೆಗೆ ತಂದು ಬಿಚ್ಚಿ. ಎದುರುಬದುರಿನ ಎರಡು ಮೂಲೆಗಳನ್ನು ಕಾಲುಭಾಗದ ಗೆರೆಗೆ ತಾಗುವಷ್ಟು ಒಳಗೆ ಮಡಿಸಿ, ಅಂಚುಗಳನ್ನು ಮತ್ತೆ ನಡುಗೆರೆಗೆ ಮುಚ್ಚಿ. ಈಗ ಉಳಿದ ಎರಡು ಕಡೆ 45 ಡಿಗ್ರಿಯ ದೊಡ್ಡ ಮಡಿಕೆ ಹಾಕಿ, ಮೂಲೆಯನ್ನು ಎದುರಿನ ಪದರದ ಅಡಿಗೆ ತೂರಿಸಿ. ಓರೆಯಾದ ಸಮಾಂತರ ಚತುರ್ಭುಜ ಸಿಗುತ್ತೆ. ಮಗುಚಿ, ಎರಡು ಚೂಪು ತುದಿಗಳನ್ನು ಮಡಿಸಿದರೆ ನಡುವೆ ಒಂದು ಚೌಕ ಉಳಿಯುತ್ತೆ. ಯೂನಿಟ್ ರೆಡಿ.

ಇದೇ ಯೂನಿಟ್ 3 ಸೇರಿದರೆ ಜೋಡಿ ಪಿರಮಿಡ್ಡು, 6 ಸೇರಿದರೆ ಘನ, 12 ಸೇರಿದರೆ ಎಂಟು ಮುಖದ ಆಕ್ಟಹೀಡ್ರನ್ ಮೇಲೆ ಎಂಟು ಮುಳ್ಳು, 30 ಸೇರಿದರೆ ಇಪ್ಪತ್ತು ಮುಖದ ಐಕೋಸಹೀಡ್ರನ್ ಮೇಲೆ ಇಪ್ಪತ್ತು ಮುಳ್ಳು. ಘನಕ್ಕೆ ನಡುಚೌಕ ಸಪಾಟಾಗಿರಬೇಕು, ಕರ್ಣದ ಮಡಿಕೆ ಬೇಡ. ಉಳಿದದ್ದಕ್ಕೆಲ್ಲ ಕರ್ಣದಲ್ಲಿ ಮಡಿಕೆ ಬೇಕೇ ಬೇಕು. ಹೊಸಬರು ಇಲ್ಲೇ ಎಡವೋದು: ಆ ಮಡಿಕೆ ಹಾಕದೆ 30 ಜೋಡಿಸೋಕೆ ಹೊರಡ್ತಾರೆ, ಮುಳ್ಳು ನಿಲ್ಲೋದೇ ಇಲ್ಲ.

ಅಳತೆ ಬೇಕಾ? ಕಾಗದದ ಬದಿ ಗೊತ್ತಿದ್ದರೆ ಘನದ ಅಂಚು ಅದರ 0.354 ಪಾಲು, ಅಂದರೆ 15 ಸೆಂ.ಮೀ. ಕಾಗದಕ್ಕೆ 5.3 ಸೆಂ.ಮೀ. 30ರ ಚೆಂಡು ಮುಳ್ಳಿನ ತುದಿಯಿಂದ ಎದುರು ತುದಿಗೆ ಕಾಗದದ ಬದಿಯ ಸುಮಾರು 1.16 ಪಟ್ಟು. 7.5 ಸೆಂ.ಮೀ. ಚೌಕದಲ್ಲಿ ಮಾಡಿದರೆ 8.7 ಸೆಂ.ಮೀ. ಚೆಂಡು. ಕಾಗದ ಕತ್ತರಿಸೋ ಮೊದಲೇ ಗೊತ್ತಾಗಿಬಿಡುತ್ತೆ.

ಒಂದು ಎಚ್ಚರ. ಯೂನಿಟ್‌ಗೆ ಎಡ, ಬಲ ಅಂತ ಇದೆ. ಮೊದಲು ಯಾವ ಎರಡು ಮೂಲೆ ಮಡಿಸಿದ್ರೋ 30ರಲ್ಲೂ ಅದೇ ಎರಡು ಮೂಲೆ ಆಗಬೇಕು. ಕನ್ನಡಿಯಲ್ಲಿ ಕಂಡಂಥ ಯೂನಿಟ್ ಒಂದು ಸೇರಿಕೊಂಡರೆ ಅದರ ಟ್ಯಾಬು ಯಾವ ಜೇಬಿಗೂ ಹೋಗಲ್ಲ. ಬಲವಂತ ಮಾಡಿದರೆ ಪಕ್ಕದ್ದೂ ಹರಿಯುತ್ತೆ.

ಝಿಗ್‌ಝಾಗ್:
30ರವರೆಗೆ ಸೊನೊಬೆ ಸರಿ, ಒಪ್ಪಿದೆ. 90ಕ್ಕೆ ಬನ್ನಿ ನೋಡೋಣ.

30ರ ಚೆಂಡಿನಲ್ಲಿ ಪ್ರತಿ ಬಿಂದುವಿನ ಸುತ್ತ ಐದು ಪಿರಮಿಡ್ ಸೇರುತ್ತವೆ, ಹಾಗಾಗಿ ಮೈ ತಾನಾಗಿಯೇ ಬಾಗುತ್ತೆ. 90ರಲ್ಲಿ ಐದು ಸೇರುವ ಬಿಂದು 12, ಆರು ಸೇರುವ ಬಿಂದು 20. ಸಮಭುಜ ತ್ರಿಕೋನ ಆರು ಸೇರಿದರೆ 360 ಡಿಗ್ರಿ, ಅಂದರೆ ಸಪಾಟು. ಬಾಗೋಕೆ ಕಾರಣವೇ ಇಲ್ಲದ ಕಡೆ ಸೊನೊಬೆ ಬರೀ ಉಜ್ಜಾಟದ ಹಿಡಿತದಲ್ಲಿ ನಿಂತಿರುತ್ತೆ. ಕೈಯಲ್ಲಿ ಹಿಡಿದಾಗ ಒಳಕ್ಕೆ ಕುಸಿಯೋದು ಯಾವಾಗಲೂ ಆ ಆರರ ಜಾಗದಲ್ಲೇ. 270ಕ್ಕೆ ಹೋದರಂತೂ ತನ್ನ ಭಾರಕ್ಕೇ ತಗ್ಗುತ್ತೆ.

ಅದಕ್ಕೇ ನನ್ನ ಮತ ಫಿಝ್‌ಗೆ. ಗಣಿತಜ್ಞ ಥಾಮಸ್ ಹಲ್ 1993ರಲ್ಲಿ ಮಾಡಿದ ಯೂನಿಟ್ಟು. ಚೌಕವನ್ನು ನಾಲ್ಕು ಪಾಲಾಗಿ ಹಿಂದೆ ಮುಂದೆ ಮಡಿಸಿದರೆ ನಾಲ್ಕು ಪದರದ ಪಟ್ಟಿ. ಆ ಪಟ್ಟಿಯ ಮೇಲೆ 45 ಡಿಗ್ರಿಯ ಮಡಿಕೆಗಳು. ಒಂದು ಯೂನಿಟ್ ಅಂದರೆ ಒಂದು ಅಂಚು, ಪ್ರತಿ ಮೂಲೆಯಲ್ಲಿ ಮೂರು ಯೂನಿಟ್. ಒಂದರ ತುದಿ ಇನ್ನೊಂದರ ಪದರಗಳ ನಡುವೆ ಹೋಗಿ ಮಡಿಕೆಯ ಹಿಂದೆ ಸಿಕ್ಕಿಕೊಳ್ಳುತ್ತೆ, ಮೂರನೆಯದು ಬಂದು ಇಬ್ಬರನ್ನೂ ಬಿಗಿಯುತ್ತೆ. ಎಳೆದರೂ ಜಾರಲ್ಲ, ಯಾಕಂದ್ರೆ ಅಲ್ಲಿ ಹಿಡಿದಿರೋದು ಕೊಕ್ಕೆ.

ಲೆಕ್ಕವೂ ಸೊಗಸು. ಐದು ಯೂನಿಟ್ಟಿನ ಉಂಗುರ, ಆರರ ಉಂಗುರ ಮಾತ್ರ ಬಳಸಿ ಚೆಂಡು ಮುಚ್ಚಬೇಕಾದರೆ ಐದರ ಉಂಗುರ 12 ಇರಲೇಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆರರ ಉಂಗುರ ಎಷ್ಟಿದ್ದರೆ ಅದನ್ನು 3ರಿಂದ ಗುಣಿಸಿ 30 ಕೂಡಿಸಿ, ಅಷ್ಟು ಯೂನಿಟ್ ಬೇಕು. ಸೊನ್ನೆ ಇದ್ದರೆ 30, 20 ಇದ್ದರೆ 90, 80 ಇದ್ದರೆ 270. ಏಳರ ಉಂಗುರ ಸೇರಿಸಿದರೆ ಮೈ ಕುದುರೆ ಜೀನಿನ ಹಾಗೆ ಎರಡೂ ಕಡೆ ಬಾಗುತ್ತೆ. ಐದರ ಉಂಗುರ ಎಷ್ಟೋ ಏಳರದ್ದೂ ಅಷ್ಟೇ ಇಟ್ಟು ಸರಿಯಾದ ಜಾಗದಲ್ಲಿ ಕೂರಿಸಿದರೆ ನಡುವೆ ತೂತಿರುವ ಟೊರಸ್ ಕೂಡ ಮಾಡಬಹುದು. ಸೊನೊಬೆಯಲ್ಲಿ ಅದನ್ನು ಇಷ್ಟು ಗಟ್ಟಿಯಾಗಿ ಮಾಡಿ ತೋರಿಸಿ.

ಮೂವತ್ತರ_ಚೆಂಡು:
ಗಟ್ಟಿತನ ಒಪ್ಪಿದೆ ಸಾರ್. ಆದರೆ ಫಿಝ್ ಅಂದರೆ ಬರೀ ಅಸ್ಥಿಪಂಜರ, ತೂತುಗಳದ್ದೇ ಕಾರುಬಾರು. ಸೊನೊಬೆಗೆ ಮೈಯಿದೆ, ಬೆಳಕು ಬಿದ್ದರೆ ಮುಳ್ಳಿನ ಮೂರು ಮುಖವೂ ಬೇರೆ ಬೇರೆ ಛಾಯೆ ಕೊಡುತ್ತವೆ. ಮತ್ತೆ ನಿಮ್ಮ ನಾಲ್ಕು ಪದರದ ಪಟ್ಟಿ 7.5 ಸೆಂ.ಮೀ. ಚೌಕದಲ್ಲಿ 1.9 ಸೆಂ.ಮೀ. ಅಗಲ, 5 ಸೆಂ.ಮೀ. ಚೌಕದಲ್ಲಿ 1.25. ಅಷ್ಟು ಸಣ್ಣದರಲ್ಲಿ ನಾಲ್ಕು ಪದರದ ಮೂಲಕ 45 ಡಿಗ್ರಿ ಮಡಿಕೆ ಹಾಕಿದಾಗ ಒಳಪದರ, ಹೊರಪದರ ಸರಿದು ತುದಿ ಮೊಂಡಾಗುತ್ತೆ. ಸೊನೊಬೆಯನ್ನು 4 ಸೆಂ.ಮೀ. ಕಾಗದದಲ್ಲೂ ಮಾಡಬಹುದು.

ಝಿಗ್‌ಝಾಗ್:
ಮೊಂಡಾಗೋದು ಕಾಗದದ ತಪ್ಪು, ಯೂನಿಟ್‌ದಲ್ಲ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಜೆರಾಕ್ಸ್ ಕಾಗದ ಸುಮಾರು 0.1 ಮಿ.ಮೀ. ದಪ್ಪ, ನಾಲ್ಕು ಪದರ ಅಂದರೆ 0.4. ಕೊಂಡಿಯೊಳಗೆ ಅದು ಇನ್ನೂ ಹೆಚ್ಚುತ್ತೆ. ಕಾಗದ ತೆಳುವಿರಲಿ ಅಥವಾ ಚೌಕ ದೊಡ್ಡದಿರಲಿ, ಎರಡರಲ್ಲಿ ಒಂದು ಮಾಡಿ. ಇನ್ನೊಂದು ಮಾತು: ನಾಲ್ಕು ಪಾಲು ಮಾಡುವಾಗ ಮೊದಲು ಅರ್ಧ, ಆಮೇಲೆ ಎರಡೂ ಅಂಚು ನಡುಗೆರೆಗೆ. ಪುಸ್ತಕದ ಥರ ಅರ್ಧದ ಮೇಲೆ ಅರ್ಧ ಮಡಿಸಿದರೆ ಒಳಗಿನ ಪಾಲು ಚಿಕ್ಕದಾಗಿ, 90ನೇ ಯೂನಿಟ್ ಹೊತ್ತಿಗೆ ಚೆಂಡು ಸೊಟ್ಟಗಾಗಿರುತ್ತೆ.

ದಳದಳ:
ಇಬ್ಬರೂ ಎಂಜಿನಿಯರ್‌ಗಳ ಥರ ಮಾತಾಡ್ತಿದ್ದೀರಿ. ಕಾಗದ ಬಾಗುತ್ತೆ, ಸುರುಳಿಯಾಗುತ್ತೆ, ಅರಳುತ್ತೆ ಅನ್ನೋದು ನಿಮ್ಮ ಶೈಲಿಗಳಲ್ಲಿ ಎಲ್ಲಿದೆ ಹೇಳಿ? ನನಗೆ ಕುಸುದಾಮ.

ಎಲ್ಲರಿಗೂ ಗೊತ್ತಿರುವ ಹೂವಿನ ಚೆಂಡನ್ನೇ ತಗೊಳ್ಳಿ: ಐದು ದಳದ ಹೂವು 12, ಒಟ್ಟು 60 ಚೌಕ. ಒಂದೊಂದು ಹೂವೂ ಐದು ಹೂವಿಗೆ ತಾಗಿ ಕೂರುತ್ತೆ, ಹನ್ನೆರಡು ಮುಖದ ಡೋಡೆಕಹೀಡ್ರನ್‌ನ ಮುಖಗಳ ಹಾಗೇ. ನಿಮ್ಮ ಗಣಿತ ನಮ್ಮಲ್ಲೂ ಇದೆ, ನಾವು ಮೈಮೇಲೆ ಹಾಕ್ಕೊಂಡು ಓಡಾಡಲ್ಲ ಅಷ್ಟೆ.

ದಳವನ್ನು ಸುತ್ತುವಾಗ ಮಡಿಕೆ ಒತ್ತಬಾರದು. ಎರಡು ಬದಿಯ ಸಣ್ಣ ತ್ರಿಕೋನಗಳನ್ನು ಮುಟ್ಟಿಸಿ ಅಂಟಿಸಿದಾಗ ಹೊಟ್ಟೆ ಕೊಳವೆಯಾಗಿ ದುಂಡಗಿರಬೇಕು. ಬೆರಳಿನಿಂದ ಒಮ್ಮೆ ಒತ್ತಿ ಸಪಾಟು ಮಾಡಿಬಿಟ್ಟರೆ ಆ ಗೆರೆ ಮತ್ತೆ ಹೋಗಲ್ಲ, ಹೂವು ಸುಕ್ಕಾದಂತೆ ಕಾಣುತ್ತೆ. 12 ಹೂವನ್ನೂ ಒಂದೊಂದಾಗಿ ಸೇರಿಸುತ್ತಾ ಹೋಗೋದಕ್ಕಿಂತ 6 ಮತ್ತು 6ರ ಎರಡು ಬಟ್ಟಲು ಮಾಡಿ: ನಡುವೆ ಒಂದು, ಸುತ್ತ ಐದು. ಅಂಟು ಪೂರ್ತಿ ಒಣಗಿದ ಮೇಲೆ ಎರಡನ್ನೂ ಮುಚ್ಚಿ. ನೇತುಹಾಕುವ ದಾರ ಹಾಕೋದಿದ್ದರೆ ಮುಚ್ಚುವ ಮೊದಲೇ ಹಾಕಬೇಕು. ತುಂಬಾ ಜನಕ್ಕೆ ಅದು ನೆನಪಾಗೋದು ಚೆಂಡು ಮುಚ್ಚಿದ ಮೇಲೆ.

ಝಿಗ್‌ಝಾಗ್:
ಅಂಟು! ಬಂತು ನೋಡಿ. ಅಂಟು ಹಾಕಿದ ಮೇಲೆ ಅದನ್ನ ಕಾಗದದ ಕರಕುಶಲ ಅನ್ನಿ, ಚೆನ್ನಾಗಿದೆ ಅನ್ನಿ, ಮಾಡ್ಯುಲರ್ ಒರಿಗಾಮಿ ಅನ್ನಬೇಡಿ. ಯೂನಿಟ್ ತನ್ನ ಮಡಿಕೆಯಿಂದಲೇ ಇನ್ನೊಂದನ್ನು ಹಿಡಿಯೋದೇ ಈ ಆಟದ ಒಂದೇ ನಿಯಮ.

ದಳದಳ:
ಆ ನಿಯಮ ಬರೆದವರು ಯಾರು? ಕುಸುದಾಮ ನಿಮ್ಮ ಯೂನಿಟ್‌ಗಳಿಗಿಂತ ಎಷ್ಟೋ ಹಳೇದು, ಅದನ್ನು ಸೂಜಿದಾರದಲ್ಲಿ ಹೊಲಿಯೋದು, ಅಂಟಿಸೋದು ಮೊದಲಿಂದಲೂ ಇದೆ. ನಿಮ್ಮ ನಿಯಮ ಆಮೇಲೆ ಬಂದದ್ದು. ಅಂಟಿಲ್ಲದೆ ನಿಲ್ಲುವ ಕುಸುದಾಮಗಳೂ ಈಗ ಬೇಕಾದಷ್ಟಿವೆ: 30 ಯೂನಿಟ್ಟು, ಸೊನೊಬೆಯ ಥರವೇ ಟ್ಯಾಬು, ಜೇಬು, ಮೇಲ್ಮೈಯಲ್ಲಿ ಮಾತ್ರ ಸುರುಳಿ. ಪಾವೊಲೊ ಬಾಶೆಟ್ಟಾ ಅವರ ನಕ್ಷತ್ರವೂ 30 ಯೂನಿಟ್ಟಿನದ್ದು, ಅದಕ್ಕೂ ಅಂಟು ಬೇಡ.

ಮೂವತ್ತರ_ಚೆಂಡು:
ಬಾಶೆಟ್ಟಾ ನಕ್ಷತ್ರದ ಜೋಡಣೆ ನಕ್ಷೆ ಸೊನೊಬೆ 30ರದ್ದೇ ಅನ್ನೋದನ್ನ ಗಮನಿಸಿ. ಮೂರು ಯೂನಿಟ್‌ಗೆ ಒಂದು ಮುಳ್ಳು, ಐದು ಮುಳ್ಳು ಒಂದು ಬಿಂದುವಿನ ಸುತ್ತ, ಒಟ್ಟು 20 ಮುಳ್ಳು. ಮುಳ್ಳು ಉದ್ದ ಅಷ್ಟೇ ವ್ಯತ್ಯಾಸ. ಒಂದನ್ನು ಕಲಿತವರು ಇನ್ನೊಂದನ್ನು ಚಿತ್ರ ನೋಡದೆ ಜೋಡಿಸಬಹುದು. ಸೊನೊಬೆ ಮೊದಲು ಕಲೀರಿ ಅನ್ನೋದು ಇದಕ್ಕೇ.

ಕಾಗದಹುಳು:
ಅಂಟಿನ ಜಗಳಕ್ಕೆ ಎರಡು ಮಾತು. ಹಾಕೋದೇ ಆದರೆ ನೀರು ಹೆಚ್ಚಿರುವ ಬಿಳಿ ಅಂಟು ತೆಳು ಕಾಗದವನ್ನು ಸುಕ್ಕು ಮಾಡುತ್ತೆ. ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ, ಒಣಗೋವರೆಗೆ ಕ್ಲಿಪ್ಪು. ಗ್ಲೂ ಸ್ಟಿಕ್ ಸುಕ್ಕು ಮಾಡಲ್ಲ, ಆದರೆ ವರ್ಷ ಕಳೆದ ಮೇಲೆ ಬಿಟ್ಟುಕೊಳ್ಳೋದುಂಟು.

ಚೀನೀ ತ್ರಿಕೋನ ಯೂನಿಟ್ಟಿನ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಹಂಸ, ನವಿಲು, ಹೂದಾನಿ ಮಾಡ್ತಾರಲ್ಲ, ಅದು. 1993ರಲ್ಲಿ ನ್ಯೂಯಾರ್ಕ್ ಬಳಿ ದಡಕ್ಕೆ ಸಿಕ್ಕಿಕೊಂಡ ಗೋಲ್ಡನ್ ವೆಂಚರ್ ಹಡಗಿನ ಚೀನೀ ವಲಸಿಗರು ಬಂಧನದಲ್ಲಿದ್ದಾಗ ಇದರಲ್ಲಿ ಮಾಡಿದ ಕೆಲಸಗಳಿಂದ ಅಮೆರಿಕದಲ್ಲಿ ಈ ಶೈಲಿಗೆ ಗೋಲ್ಡನ್ ವೆಂಚರ್ ಅನ್ನೋ ಹೆಸರೇ ಬಂತು. ಎ4 ಹಾಳೆಯನ್ನು ಒಂದು ಕಡೆ 4, ಇನ್ನೊಂದು ಕಡೆ 8 ಪಾಲು ಮಾಡಿದರೆ 32 ತುಂಡು, ಒಂದೊಂದೂ ಸುಮಾರು 53×37 ಮಿ.ಮೀ. ಯೂನಿಟ್‌ಗೆ ಎರಡು ಚೂಪು, ಎರಡು ಜೇಬು. ಒಂದರ ಎಡಚೂಪು, ಪಕ್ಕದ್ದರ ಬಲಚೂಪು ಸೇರಿ ಮೇಲಿನ ಯೂನಿಟ್ಟಿನ ಎರಡು ಜೇಬಿಗೆ ಹೋಗುತ್ತವೆ, ಇಟ್ಟಿಗೆ ಕಟ್ಟಿದ ಹಾಗೆ ಸಾಲು ಅರ್ಧರ್ಧ ಸರಿಯುತ್ತೆ. ಮೊದಲ ಎರಡು ಸಾಲು ಉಂಗುರವಾಗಿ ಕೂಡುವುದೇ ಕಷ್ಟ, ಚದುರಿಹೋಗುತ್ತೆ. ಮೂರು ಸಾಲನ್ನು ಒಟ್ಟಿಗೇ ಕಟ್ಟುತ್ತಾ ಹೋಗಿ ಆಮೇಲೆ ಉಂಗುರ ಮುಚ್ಚಬೇಕು. ಇಲ್ಲಿ ಕತ್ತು, ಹಿಡಿಕೆಯಂಥ ಒಂಟಿ ಸಾಲುಗಳಿಗೆ ಅಂಟಿಲ್ಲದೆ ಆಗೋದೇ ಇಲ್ಲ. ಅದನ್ನ ಮಾಡ್ಯುಲರ್ ಅಲ್ಲ ಅಂತ ಹೊರಗೆ ಹಾಕೋಕೆ ನಾನು ತಯಾರಿಲ್ಲ. ಆದರೆ ನನ್ನ ರುಚಿಯಂತೂ ಅಲ್ಲ: ನೂರಾರು ಯೂನಿಟ್ ಮಡಿಸಿದ ಮೇಲೂ ಹೊಸದೊಂದು ಆಕಾರ ಕಂಡುಹಿಡಿದಂತೆ ಆಗಲ್ಲ, ಹಂಸ ಹಂಸವೇ.

ಐದುಬಣ್ಣ:
ನಾನು ವೈರ್‌ಫ್ರೇಮ್ ಪಕ್ಷ. ಚೆಂಡುಗಳೆಲ್ಲ ಮೇಲ್ಮೈ ಆಟ. ಒಂದರೊಳಗೊಂದು ಹೆಣೆದುಕೊಂಡು, ಎಲ್ಲೂ ಅಂಟದೆ, ಬಿಡಿಸೋಕೂ ಆಗದೆ ನಿಲ್ಲೋದಿದೆಯಲ್ಲ, ಅದರ ಮುಂದೆ ಬೇರೆ ಯಾವುದೂ ಇಲ್ಲ.

ಶುರು ಮಾಡೋಕೆ ಥಾಮಸ್ ಹಲ್ ಅವರ ಐದು ಹೆಣೆದ ಟೆಟ್ರಹೀಡ್ರನ್. ಯೂನಿಟ್ಟು ಫ್ರಾನ್ಸಿಸ್ ಓ ಅವರ 60 ಡಿಗ್ರಿ ಯೂನಿಟ್ಟು, 1:3 ಪಟ್ಟಿಯಿಂದ. ನಾಲ್ಕು ಮುಖದ ಒಂದು ಚೌಕಟ್ಟಿಗೆ 6, ಐದಕ್ಕೆ 30. ಒಂದು ಚೌಕದಿಂದ ಮೂರು ಪಟ್ಟಿ ಬರುತ್ತೆ, ಹಾಗಾಗಿ 15 ಸೆಂ.ಮೀ. ಚೌಕ ಬಣ್ಣಕ್ಕೆ ಎರಡರಂತೆ ಹತ್ತೇ ಹತ್ತು ಸಾಕು. ಹೆಚ್ಚಿಲ್ಲ, ಕಡಿಮೆಯಿಲ್ಲ, ಚೂರೂ ವ್ಯರ್ಥವಿಲ್ಲ.

ಇಲ್ಲಿ ಮಡಿಸೋದು ಸುಲಭ, ಹೆಣೆಯೋದು ಕಷ್ಟ. ಎರಡನೆಯ ಚೌಕಟ್ಟನ್ನು ಹೊರಗೆ ಪೂರ್ತಿ ಕಟ್ಟಿ ಒಳಗೆ ತೂರಿಸುತ್ತೀನಿ ಅಂದರೆ ಆಗಲ್ಲ. ಒಂದು ಮೂಲೆಯ ಮೂರು ಯೂನಿಟ್ ಹೊರಗೆ ಸೇರಿಸಿ, ಆ ಮೂರು ಕಾಲುಗಳನ್ನು ಮೊದಲ ಚೌಕಟ್ಟಿನ ತೂತುಗಳಲ್ಲಿ ಇಳಿಸಿ, ಉಳಿದ ಮೂರನ್ನು ಅಲ್ಲೇ ಒಳಗೇ ಕೂಡಿಸಬೇಕು. ನಿಯಮ ಒಂದೇ: ಯಾವ ಎರಡು ಚೌಕಟ್ಟು ತಗೊಂಡರೂ ಒಂದರ ಮೂಲೆ ಇನ್ನೊಂದರ ಮುಖದ ತೂತಿನಿಂದ ಇಣುಕಬೇಕು, ಇನ್ನೊಂದರದ್ದು ಇದರಿಂದ. ಎರಡನೆಯದು ಯಾರಿಗಾದರೂ ಬರುತ್ತೆ. ಮೂರನೆಯದರಲ್ಲಿ ಒಂದು ಕಾಲು ಅಡ್ಡಪಟ್ಟಿಯ ಮೇಲೆ ಹೋಗಬೇಕಾದಲ್ಲಿ ಕೆಳಗೆ ಹೋಗಿಬಿಟ್ಟರೆ ನಾಲ್ಕನೆಯದಕ್ಕೆ ಜಾಗವೇ ಇರಲ್ಲ, ಅಲ್ಲೀವರೆಗೆ ತಪ್ಪು ಗೊತ್ತೂ ಆಗಲ್ಲ. ಹಾಗಾಗಿ ಮೂರು ಮುಗಿದ ಕೂಡಲೇ ಈ ಇಣುಕುವ ನಿಯಮವನ್ನು ಮೂರೂ ಜೋಡಿಗೆ ಪರೀಕ್ಷಿಸಿ. ಐದೂ ಮುಗಿದ ಮೇಲೆ ಹೊರಗೆ 20 ತುದಿ ಕಾಣುತ್ತವೆ. ಪಕ್ಕಪಕ್ಕದ ಐದು ತುದಿ ಸೇರಿ ಐದರ ಉಂಗುರವಾಗುತ್ತವೆ, ಅಂಥ ಪ್ರತಿ ಉಂಗುರದಲ್ಲೂ ಐದು ಬಣ್ಣವೂ ಒಂದೊಂದು ಸಲ ಬಂದಿದ್ದರೆ ಹೆಣಿಗೆ ಸರಿ.

ಒಂದೇ ಬಣ್ಣದಲ್ಲಿ ಇದನ್ನು ಮಾಡೋದು ತನಗೆ ತಾನೇ ಕೊಟ್ಟುಕೊಳ್ಳುವ ಶಿಕ್ಷೆ. ನೋಡುವವರಿಗೂ ಕಡ್ಡಿಗಳ ಗೋಜಲು ಬಿಟ್ಟು ಏನೂ ಕಾಣಲ್ಲ.

ಮೂವತ್ತರ_ಚೆಂಡು:
ಬಣ್ಣದ ಮಾತು ಬಂತಲ್ಲ, 30ರ ಚೆಂಡಿಗೆ ಮೂರು ಬಣ್ಣವೇ ಸಾಕು. ಬಣ್ಣಕ್ಕೆ ಹತ್ತು, ಪ್ರತಿ ಮುಳ್ಳಿನಲ್ಲೂ ಮೂರೂ ಬಣ್ಣ. ಕಣ್ಣಿಗೆ ತಂಪು.

ಐದುಬಣ್ಣ:
ನನ್ನ ಹೆಸರೇ ಹೇಳುತ್ತಲ್ಲ! ಐದು ಬಣ್ಣ, ಬಣ್ಣಕ್ಕೆ ಆರು. ಹಾಕೋದು ಹೇಗೆ ಅಂದರೆ, ಒಂದು ಬಿಂದುವಿನ ಸುತ್ತ ಐದು ಯೂನಿಟ್‌ಗೂ ಐದು ಬಣ್ಣ ಕೊಡಿ. ಆಮೇಲೆ ಎಲ್ಲೇ ಹೊಸ ಬಿಂದು ಶುರುವಾದರೂ ಐದೂ ಬೇರೆ ಬಣ್ಣ ಬರಬೇಕು, ಪ್ರತಿ ಮುಳ್ಳಿನ ಮೂರೂ ಬೇರೆ ಇರಬೇಕು. ಇಂಥ ಹಂಚಿಕೆಗಳಲ್ಲಿ ಅತ್ಯಂತ ಸಮವಾದದ್ದನ್ನು ಆರಿಸಿದರೆ ಒಂದೊಂದು ಬಣ್ಣದ ಆರು ಯೂನಿಟ್ಟೂ ಒಂದಕ್ಕೊಂದು ಸಮಾಂತರ ಇಲ್ಲವೇ ಲಂಬ ಆಗಿರುತ್ತವೆ, ಆರೂ ಸೇರಿ ಒಂದು ಘನದ ಆರು ಮುಖಗಳ ಕಡೆ ಮುಖ ಮಾಡಿರುತ್ತವೆ. ಚೆಂಡಿನ ಯಾವ ಬಣ್ಣದ ಯೂನಿಟ್ ಹಿಡಿದರೂ ನೇರ ಎದುರುಗಡೆ ಅದೇ ಬಣ್ಣ. ಜೋಡಿಸುವಾಗ ತಪ್ಪು ಹಿಡಿಯೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಮೂರು ಬಣ್ಣದಲ್ಲಿ ಆ ಎದುರುಬದುರಿನ ಸೂಚನೆ ಸಿಗಲ್ಲ, ದಾರಿ ತಪ್ಪಿದರೆ ಕೊನೆಯ ಮುಳ್ಳಿನಲ್ಲಿ ಒಂದೇ ಬಣ್ಣ ಎರಡು ಸಲ ಬಂದಾಗಲೇ ಗೊತ್ತಾಗೋದು.

ಝಿಗ್‌ಝಾಗ್:
ಮೂರು ಬಣ್ಣಕ್ಕೂ ದಾರಿ ಇದೆ. ಫಿಝ್ ಡೋಡೆಕಹೀಡ್ರನ್‌ಗೆ 20 ಮೂಲೆ. ಕಾಗದದ ಮೇಲೆ ಅದರ ಚಪ್ಪಟೆ ನಕ್ಷೆ ಬರೆದು, ಪ್ರತಿ ಮೂಲೆಯನ್ನೂ ಒಂದೇ ಸಲ ಮುಟ್ಟಿ ಶುರುವಾದಲ್ಲಿಗೇ ಬರುವ ಹಾದಿ ಹುಡುಕಿ. ಆ ಹಾದಿಯ 20 ಅಂಚಿಗೆ ಕೆಂಪು, ನೀಲಿ, ಕೆಂಪು, ನೀಲಿ. ಹಾದಿ ಮುಟ್ಟದೆ ಉಳಿದ 10 ಅಂಚಿಗೆ ಹಳದಿ. ಎಲ್ಲೂ ಒಂದೇ ಬಣ್ಣ ತಾಗಲ್ಲ. 90ರ ಚೆಂಡಿಗೂ ಇದೇ ಉಪಾಯ: 60 ಮೂಲೆಯ ಹಾದಿ, 30, 30, ಉಳಿದ 30. ನಕ್ಷೆಯಿಲ್ಲದೆ ಅಂದಾಜಿನಲ್ಲಿ ಹೋದವರು 90ರಲ್ಲಿ ಸಿಕ್ಕಿಬೀಳೋದು ಗ್ಯಾರಂಟಿ, ಐವತ್ತೋ ಅರವತ್ತೋ ಯೂನಿಟ್ ಆದ ಮೇಲೆ.

ದಳದಳ:
ನೋಡಿ, ಇದನ್ನೇ ನಾನು ಹೇಳಿದ್ದು. ಬಣ್ಣ ಹಾಕೋಕೂ ನಕ್ಷೆ. ಒಂದೇ ಬಣ್ಣದ ತಿಳಿ, ಗಾಢ ಛಾಯೆಗಳಲ್ಲಿ ಕುಸುದಾಮ ಮಾಡಿ ನೋಡಿ. ಅಲ್ಲಿ ಬಣ್ಣವನ್ನು ನೆರಳೇ ಹಂಚುತ್ತೆ.

ಗೀರುಗೆರೆ:
ಎಲ್ಲರೂ ಗಟ್ಟಿ ಕೊಂಡಿಯನ್ನೇ ಹೊಗಳ್ತಿದ್ದೀರಿ. ಬೇಕಂತಲೇ ಸಡಿಲ ಇಟ್ಟದ್ದೂ ಇದೆಯಲ್ಲ? ಕೆನೆತ್ ಕವಮುರ ಅವರ ಚಿಟ್ಟೆ ಚೆಂಡು. 12 ಚೌಕ, ಅಂಟಿಲ್ಲ, ಜೇಬೂ ಇಲ್ಲ. ಪ್ರತಿ ಯೂನಿಟ್ ಪಕ್ಕದ್ದರ ಮೇಲೆ ಅರ್ಧ, ಕೆಳಗೆ ಅರ್ಧ ಒರಗಿರುತ್ತೆ, ಅಷ್ಟೆ. ಮೇಲಕ್ಕೆ ಎಸೆದು ಅಂಗೈಯಲ್ಲಿ ಹೊಡೆದರೆ ಒಮ್ಮೆಲೇ ಬಿಚ್ಚಿಕೊಂಡು ಹನ್ನೆರಡೂ ಹಾರುತ್ತವೆ. ಕೊನೆಯ ಯೂನಿಟ್ ಇಡೋವರೆಗೆ ಅದು ನಿಲ್ಲಲ್ಲ, ಇಟ್ಟ ಕೂಡಲೇ ನಿಲ್ಲುತ್ತೆ. ಕೊಂಡಿ ಅಂದರೆ ಹಿಡಿತ ಮಾತ್ರ ಅಂದುಕೊಂಡವರು ಇದನ್ನು ಒಮ್ಮೆ ಕಟ್ಟಬೇಕು.

ಝಿಗ್‌ಝಾಗ್:
ಅದು ಆಟಿಕೆ. ಒಳ್ಳೇ ಆಟಿಕೆ.

ಕಾಗದಹುಳು:
ವಿಸಿಟಿಂಗ್ ಕಾರ್ಡಿನ ಪರವಾಗಿ ಯಾರೂ ಬರಲಿಲ್ಲವಾದ್ದರಿಂದ ನಾನೇ ಹೇಳಿಬಿಡ್ತೀನಿ. ಎರಡು ಕಾರ್ಡನ್ನು ಅಡ್ಡಡ್ಡ ಇಟ್ಟು ಹೊರಗೆ ಉಳಿದ ತುದಿಗಳನ್ನು ಮಡಿಸಿದರೆ ಯೂನಿಟ್ ಆಯ್ತು. ಮಡಿಸುವಾಗ ಎರಡು ಕಾರ್ಡಿನ ಮಧ್ಯೆ ಕೂದಲೆಳೆ ಜಾಗ ಬಿಡಬೇಕು, ಇಲ್ಲದಿದ್ದರೆ ದಪ್ಪ ಸೇರಿ ಘನ ಬಿರಿಯುತ್ತೆ. 6 ಕಾರ್ಡಿಗೆ ಒಂದು ಘನ, ಮೇಲೆ ನುಣುಪು ಮುಖ ಬೇಕಾದರೆ ಇನ್ನೂ 6. ಘನಗಳನ್ನು ತುದಿಗಳಿಂದಲೇ ಒಂದಕ್ಕೊಂದು ಕೊಂಡಿ ಹಾಕಬಹುದು. ಜೆನೀನ್ ಮೋಸ್ಲಿ 2005ರಲ್ಲಿ ಮುಗಿಸಿದ ಮೂರನೇ ಹಂತದ ಮೆಂಗರ್ ಸ್ಪಂಜಿಗೆ (ಹಂತಹಂತವಾಗಿ ಚೌಕ ತೂತು ಕೊರೆದ ಘನ) 66,048 ಕಾರ್ಡು. ಲೆಕ್ಕ ನೀವೇ ಹಾಕಿ ನೋಡಬಹುದು: 8000 ಘನಕ್ಕೆ ಆರರಂತೆ 48,000, ಹೊರಮುಖಗಳಿಗೆ 18,048. ಒಂದನೇ ಹಂತ ಮನೆಯಲ್ಲೇ ಮಾಡುವಂಥದ್ದು: 20 ಘನ, 120 ಕಾರ್ಡು, ಹೊರಮುಖಕ್ಕೆ 72, ಒಟ್ಟು 192. ಸಂಖ್ಯೆ ದೊಡ್ಡದು, ಮಡಿಕೆ ಎರಡೇ. ಅದೇ ಅದರ ಬಲ, ಅದೇ ಬೇಸರ ಕೂಡ.

ಹೈಂಜ್ ಸ್ಟ್ರೋಬ್ಲ್ ಅವರ ಸ್ನ್ಯಾಪಾಲಜಿಯೂ ಹೀಗೇ: ಮುಖಕ್ಕೊಂದು ಸುತ್ತಿದ ಪಟ್ಟಿ, ಅಂಚಿಗೊಂದು ಕೊಂಡಿ ಪಟ್ಟಿ. ಐಕೋಸಹೀಡ್ರನ್‌ಗೆ 20 ಮತ್ತು 30, ಒಟ್ಟು 50 ಪಟ್ಟಿ. ಪಟ್ಟಿಯ ಅಗಲ ಎಲ್ಲದರದ್ದೂ ಒಂದೇ ಇಲ್ಲದಿದ್ದರೆ ಕೆಲಸ ಹಾಳು, ಹಾಗಾಗಿ ಕತ್ತರಿ ಬೇಡ, ಸ್ಕೇಲು ಮತ್ತು ಕಟ್ಟರ್.

ಕತ್ತರಿಸೋ ಮಾತು ಬಂದಿದ್ದರಿಂದ ಕಾಗದದ್ದೂ ಹೇಳಿ ಮುಗಿಸ್ತೀನಿ, ಯಾಕಂದ್ರೆ "ಈ ಶೈಲಿ ನನಗಾಗಲ್ಲ" ಅನ್ನೋರಲ್ಲಿ ಅರ್ಧ ಜನಕ್ಕೆ ಆಗದೇ ಇರೋದು ಕಾಗದ. ಸೊನೊಬೆಗೆ ಮಾಮೂಲಿ ಒರಿಗಾಮಿ ಕಾಗದ ಅಥವಾ 70-80 ಜಿಎಸ್‌ಎಂ. ಫಿಝ್‌ಗೆ 70ರ ಆಸುಪಾಸು, ಚೌಕ 7.5 ಸೆಂ.ಮೀ.ಗಿಂತ ಚಿಕ್ಕದು ಬೇಡ. ವೈರ್‌ಫ್ರೇಮ್‌ಗೆ ಸೆಡೆತ ಬೇಕು: ಟ್ಯಾಂಟ್ ಥರದ ಒರಟು ಮೈಯ 80ರ ಕಾಗದ ಒಳ್ಳೇದು, ಮೈ ಒರಟಿದ್ದಷ್ಟೂ ಕೊಂಡಿ ಜಾರಲ್ಲ. 110 ಜಿಎಸ್‌ಎಂ ಎಲಿಫೆಂಟ್ ಹೈಡ್ ಕಾಗದ ಸುರುಳಿ ಕುಸುದಾಮಕ್ಕೆ ಚೆನ್ನ, ಬಾಗಿದ್ದು ಬಾಗಿದಂತೇ ನಿಲ್ಲುತ್ತೆ. ಫಾಯಿಲ್ ಕಾಗದ ಮಡಿಕೆಯನ್ನು ಬಿಗಿಯಾಗಿ ಹಿಡಿಯುತ್ತೆ, ಆದರೆ ನುಣುಪು, ಸೊನೊಬೆಯ ಟ್ಯಾಬು ತಾನಾಗೇ ಹೊರಗೆ ಬರುತ್ತೆ. ಮೆಮೊ ಚೀಟಿಯ ಕಟ್ಟುಗಳನ್ನು ನಂಬಬೇಡಿ, ಚೌಕ ಅಂತ ಇರುತ್ತೆ, ಎರಡು ಬದಿ ಒಂದೇ ಇರಲ್ಲ. ಒಂದನ್ನು ಕರ್ಣದಲ್ಲಿ ಮಡಿಸಿ ಮೂಲೆ ಕೂಡುತ್ತಾ ನೋಡಿ ಆಮೇಲೆ ಶುರು ಮಾಡಿ. ಮಿಲಿಮೀಟರ್ ವ್ಯತ್ಯಾಸವನ್ನು ಸೊನೊಬೆ 30 ನುಂಗಿಕೊಳ್ಳುತ್ತೆ, ಐದುಬಣ್ಣ ಅವರ ಹೆಣಿಗೆ ನುಂಗಲ್ಲ.

ಇನ್ನು ನಾರಿನ ದಿಕ್ಕು. ಕಾಗದ ಒಂದು ದಿಕ್ಕಿಗೆ ಸಲೀಸಾಗಿ ಮಡಿಯುತ್ತೆ, ಇನ್ನೊಂದು ದಿಕ್ಕಿಗೆ ಮುನಿಸಿಕೊಳ್ಳುತ್ತೆ. ಹಾಳೆ ಕತ್ತರಿಸುವಾಗ ಪ್ರತಿ ಚೌಕದ ಒಂದೇ ಮೂಲೆಗೆ ಪೆನ್ಸಿಲ್ ಚುಕ್ಕೆ ಇಟ್ಟುಕೊಂಡರೆ ಎಲ್ಲ ಯೂನಿಟ್ಟನ್ನೂ ಒಂದೇ ದಿಕ್ಕಿನಲ್ಲಿ ಮಡಿಸಬಹುದು. ಹಾಗೆ ಮಾಡಿದ ಚೆಂಡು ಎಲ್ಲ ಕಡೆ ಒಂದೇ ಸಮ ಬಿಗಿಯಾಗಿರುತ್ತೆ.

ಹೊಸಮಡಿಕೆ:
ಎಲ್ಲ ಓದಿದೆ, ತಲೆ ತಿರುಗ್ತಿದೆ 🙂 ಶೈಲಿ ಆಮೇಲೆ ಆರಿಸ್ತೀನಿ. ಮೊದಲು ಇದನ್ನು ಹೇಳಿ: ಸೊನೊಬೆ 30ರಲ್ಲಿ 27ರವರೆಗೆ ಸರಿ ಹೋಗುತ್ತೆ, ಕೊನೆಯ ಮೂರು ಹಾಕುವಾಗ ಹಿಂದಿನವು ಕಳಚಿಕೊಳ್ತವೆ. ಏನು ತಪ್ಪು?

ಮೂವತ್ತರ_ಚೆಂಡು:
ಮೊದಲು ಎಣಿಸಿ. ಈಗಾಗಲೇ ಪೂರ್ತಿಯಾದ ಪ್ರತಿ ಬಿಂದುವಿನ ಸುತ್ತ ಐದು ಮುಳ್ಳೇ ಇವೆಯಾ? ಎಲ್ಲೋ ಒಂದು ಕಡೆ ನಾಲ್ಕು ಬಿದ್ದಿದ್ದರೆ ಆ ಭಾಗ 12ರ ಚೆಂಡಿನ ಹಾಗೆ ಬೇಗ ಬಾಗಿ ಬಾಯಿ ಕಿರಿದಾಗಿರುತ್ತೆ, ಆರು ಬಿದ್ದಿದ್ದರೆ ಬಾಯಿ ಮುಚ್ಚೋದೇ ಇಲ್ಲ. ಹಾಗಿದ್ದರೆ ಒತ್ತಾಟ ಬೇಡ, ಅಲ್ಲೀವರೆಗೆ ಬಿಚ್ಚಬೇಕು.

ಎಣಿಕೆ ಸರಿಯಿದ್ದರೆ ತಪ್ಪು ಕ್ರಮದ್ದು. ಒಂದೊಂದನ್ನೇ ಪೂರ್ತಿ ಒಳಗೆ ತಳ್ಳಿ ಮುಂದಿನದಕ್ಕೆ ಹೋಗ್ತಿರಬೇಕು ನೀವು. ಬಾಯಿಯ ಸುತ್ತಲಿನ ಯೂನಿಟ್‌ಗಳ ಟ್ಯಾಬುಗಳನ್ನು ಅರ್ಧದಷ್ಟು ಹೊರಕ್ಕೆ ಎಳೆದುಕೊಳ್ಳಿ. ಕೊನೆಯ ಮೂರನ್ನೂ ಅರ್ಧರ್ಧ ಮಾತ್ರ ಜೇಬಿಗೆ ಹೊಗಿಸಿ. ಎಲ್ಲ ಟ್ಯಾಬೂ ತಮ್ಮ ತಮ್ಮ ಜೇಬಿನ ಬಾಯಲ್ಲಿ ಇವೆ ಅಂತಾದ ಮೇಲೆ ಸುತ್ತ ತಿರುಗಿಸುತ್ತಾ ಒಂದೊಂದನ್ನು ಸ್ವಲ್ಪ ಸ್ವಲ್ಪ ಒತ್ತುತ್ತಾ ಬನ್ನಿ.

ಐದುಬಣ್ಣ:
ಮೊಂಡು ತುದಿಯ ಚಿಮಟ ಇಟ್ಟುಕೊಳ್ಳಿ, ಕೊನೆಯ ಟ್ಯಾಬು ಬೆರಳಿಗೆ ಸಿಗಲ್ಲ. ಕ್ಲಿಪ್ಪು ಹಾಕೋದಾದರೆ ಕಪ್ಪು ಬೈಂಡರ್ ಕ್ಲಿಪ್ ಬೇಡ, ಗುರುತು ಬೀಳುತ್ತೆ. ಸಣ್ಣ ಮರದ ಕ್ಲಿಪ್ಪು ಸಾಕು.

ದಳದಳ:
ಅಥವಾ ಒಂದು ಚುಕ್ಕೆ ಅಂಟು. ಯಾರಿಗೂ ಹೇಳಬೇಡಿ.

ಝಿಗ್‌ಝಾಗ್:
ನಾನು ನೋಡಿದೆ. ಹೊಸಮಡಿಕೆ ಅವರೇ, ಅಂಟು ಹಾಕಬೇಡಿ. 30ರ ಬದಲು 33 ಯೂನಿಟ್ ಮಡಿಸಿಟ್ಟುಕೊಳ್ಳಿ. ಹಾಕಿ ತೆಗೆದು ಹಾಕಿ ತೆಗೆದು ಮೆತ್ತಗಾದ ಟ್ಯಾಬು ಇರೋ ಯೂನಿಟ್ ಯಾವುದು ಅಂತ ನೋಡಿ, ಅದನ್ನು ಎಸೆದು ಹೊಸದು ಹಾಕಿ. ಕಳಚಿಕೊಳ್ತಿರೋದು ಬಹುಶಃ ಅದೊಂದೇ.

ಹೊಸಮಡಿಕೆ:
ಎಣಿಸಿದೆ. ಒಂದು ಕಡೆ ಆರಿದೆ.

ಮೂವತ್ತರ_ಚೆಂಡು:
ಹಾಗಾದರೆ ಆ ಬಿಂದುವಿನಿಂದ ಬಾಯಿಯ ಕಡೆಗೆ ಇರುವ ಯೂನಿಟ್‌ಗಳನ್ನು ಮಾತ್ರ ತೆಗೀರಿ, ಆಚೆಕಡೆಯದನ್ನು ಮುಟ್ಟಬೇಡಿ. ಆರರಲ್ಲಿ ಒಂದು ಮುಳ್ಳು ಕಡಿಮೆ ಮಾಡಿ ಐದಕ್ಕೆ ಮುಚ್ಚಿ, ಅಲ್ಲಿಂದ ಮತ್ತೆ ಶುರು ಮಾಡಿ. ಈ ಸಲ ಪ್ರತಿ ಬಿಂದು ಮುಚ್ಚಿದ ಕೂಡಲೇ ಐದನ್ನು ಬೆರಳಿಟ್ಟು ಎಣಿಸಿ, ಆಮೇಲೆ ಪಕ್ಕದ್ದಕ್ಕೆ ಹೋಗಿ.